ಹಳೇ ಕಮಾರೋದ ಹಿಂಬದಿ ಸಸ್ಪೆನ್ಷನ್: ಪಟ್ಟಿ ಇರಲಾ, ಲಿಂಕ್ ಬರಲಾ?

“ಕಮಾರೋಗೆ ಫೋರ್ ಲಿಂಕ್ ಹಾಕಿಸ್ಬೇಕು, ಯಾವ ಕಂಪನೀದು ಒಳ್ಳೇದು?” ಹೀಗೆ ಕೇಳುವ ಗೆಳೆಯರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ. ಹಿಂದಿನ ಟಯರ್ ಎಷ್ಟು ಅಗಲ ಬೇಕು? ಥಟ್ಟನೆ ಉತ್ತರ ಕೊಡುವವರು ಕಡಿಮೆ. ಕಂಪನಿ ಹೆಸರು, ಬಣ್ಣ, ರೇಟು ಎಲ್ಲ ನಾಲಿಗೆ ತುದಿಯಲ್ಲಿರುತ್ತದೆ, ಇದೊಂದು ಇರುವುದಿಲ್ಲ. ಹಿಂಭಾಗ ಹೊತ್ತಿರುವ ಹಳೇ ಸ್ಪ್ರಿಂಗ್ ಪಟ್ಟಿ ಉಳಿಸಿಕೊಳ್ಳಬೇಕಾ, ಇಲ್ಲ ಅದನ್ನು ಕಿತ್ತು ಫೋರ್ ಲಿಂಕ್, ಅಂದರೆ ಆಕ್ಸಲ್ ಹಿಡಿಯುವ ನಾಲ್ಕು ಕಂಬ ಹಾಕಬೇಕಾ ಅನ್ನುವುದು ಬಹುಪಾಲು ಅಲ್ಲೇ ತೀರ್ಮಾನವಾಗುತ್ತದೆ.

ಇಲ್ಲಿ ಹೇಳುತ್ತಿರುವುದು ಷೆವರ್ಲೆ ಕಂಪನಿಯ ಮೊದಲ ತಲೆಮಾರಿನ ಕಮಾರೋ ಕಾರಿನ ಬಗ್ಗೆ. ಅಂದರೆ 1967, 68, 69ರ ಮಾಡೆಲ್. ದೊಡ್ಡ ಎಂಜಿನ್ನಿನ, ಮಸಲ್ ಕಾರು ಅನ್ನಿಸಿಕೊಂಡ ಅಮೆರಿಕದ ಹಳೇ ಗಾಡಿಗಳಲ್ಲಿ ಇದಕ್ಕೆ ಸಿಗುವಷ್ಟು ಬಿಡಿಭಾಗ ಸಿಗುವ ಗಾಡಿಗಳು ಕಡಿಮೆ. ಹಾಗಾಗಿ ಆಯ್ಕೆಯೂ ಜಾಸ್ತಿ, ತಲೆಬಿಸಿಯೂ ಜಾಸ್ತಿ. ಅದೇ ವರ್ಷಗಳ ಪಾಂಟಿಯಾಕ್ ಫೈರ್‌ಬರ್ಡ್ ಇದ್ದವರೂ ಇದನ್ನೇ ಓದಿಕೊಳ್ಳಬಹುದು, ಕೆಳಗಿನ ಮೈಕಟ್ಟು ಎರಡಕ್ಕೂ ಒಂದೇ. ಮಸ್ಟ್ಯಾಂಗ್, ಷೆವೆಲ್, ಡಾಡ್ಜ್ ಇಟ್ಟುಕೊಂಡವರಿಗೂ ಮುಂದೆ ಒಂದಿಷ್ಟು ಮಾತಿದೆ.

ಕೆಳಗೆ ಬಗ್ಗಿ ನೋಡಿದರೆ

ಹಿಂದೆ ಒಂದು ಗಟ್ಟಿ ಆಕ್ಸಲ್, ಎರಡು ಪಕ್ಕಕ್ಕೆ ಎರಡು ಲೀಫ್ ಸ್ಪ್ರಿಂಗ್. ನಮ್ಮ ಲಾರಿ ಗ್ಯಾರೇಜುಗಳಲ್ಲಿ ಕಮಾನ್ ಪಟ್ಟಿ ಅಂತಾರಲ್ಲ, ಅದೇ. ಅಂಬಾಸಡರ್ ಅಡಿಗೆ ತಲೆ ಹಾಕಿದವರಿಗೆ ಇಲ್ಲಿ ಹೊಸದೇನೂ ಕಾಣುವುದಿಲ್ಲ.

1967ರ ಕಮಾರೋಗೆ ಪಕ್ಕಕ್ಕೆ ಒಂದೊಂದೇ ಪಟ್ಟಿ. ಸಣ್ಣ ಎಂಜಿನ್‌ಗೆ ಅದು ಸಾಕಾಯಿತು. ದೊಡ್ಡ ಎಂಜಿನ್ ಹಾಕಿದ ಗಾಡಿಯಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರ ನೆಲದ ಮೇಲೆ ಕುಣಿಯಲು ಶುರು ಮಾಡುತ್ತಿತ್ತು. ಷೆವರ್ಲೆ 1968ರಲ್ಲಿ ಇದಕ್ಕೆ ಎರಡು ಮದ್ದು ಅರೆಯಿತು. ಶಾಕ್ ಅಬ್ಸಾರ್ಬರ್‌ಗಳಲ್ಲಿ ಒಂದನ್ನು ಆಕ್ಸಲ್ ಮುಂದೆ, ಇನ್ನೊಂದನ್ನು ಹಿಂದೆ ಕೂರಿಸಿತು. ಜೋರಿನ ಎಂಜಿನ್ ಇರುವ ಗಾಡಿಗಳಿಗೆ ಒಂದರ ಮೇಲೊಂದು ಪೇರಿಸಿದ ಹಲವು ಪಟ್ಟಿಯ ಸ್ಪ್ರಿಂಗ್ ಕೊಟ್ಟಿತು.

ಕುಣಿತ ಯಾಕೆ ಬರುತ್ತದೆ ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ. 400 ಪೌಂಡ್-ಅಡಿ ಟಾರ್ಕ್ ಇರುವ ಎಂಜಿನ್, ಮೊದಲ ಗೇರು 2.52, ಹಿಂದಿನ ಕ್ರೌನ್ ಪಿನಿಯನ್ 3.73 ಅಂತ ಇಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ ಆಕ್ಸಲ್ ಹತ್ತಿರ ಸುಮಾರು 3,760 ಪೌಂಡ್-ಅಡಿ, ನ್ಯೂಟನ್ ಮೀಟರ್‌ನಲ್ಲಿ 5,100. ಟಯರ್ ನೆಲ ಕಚ್ಚಿ ನಿಂತರೆ ಅಷ್ಟೂ ಬಲ ತಿರುಗಿ ಆಕ್ಸಲ್ ಹೌಸಿಂಗ್, ಅಂದರೆ ಅದರ ಹೊರಕವಚದ ಮೇಲೆ ಬರುತ್ತದೆ. ಚಕ್ರ ಮುಂದಕ್ಕೆ ತಿರುಗಿದರೆ ಹೌಸಿಂಗ್ ಹಿಂದಕ್ಕೆ ತಿರುಚಿಕೊಳ್ಳುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿ ಮೇಲೇಳುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಅಲ್ಲಿ ಆ ಪಟ್ಟಿ ಬಿಟ್ಟರೆ ಬೇರೇನೂ ಇಲ್ಲ. ಪಟ್ಟಿ ಹಾವಿನ ಹಾಗೆ ಬಳುಕುತ್ತದೆ. ಟಯರ್ ಹಿಡಿತ ತಪ್ಪಿದ ಕೂಡಲೇ ಚಟ್ ಅಂತ ನೆಟ್ಟಗಾಗುತ್ತದೆ, ಮತ್ತೆ ಹಿಡಿತ ಸಿಕ್ಕಿ ಮತ್ತೆ ಬಳುಕುತ್ತದೆ. ಕ್ಷಣಕ್ಕೆ ಹಲವು ಸಲ ಹೀಗಾದಾಗ ಬರುವ ಧಡಧಡ ಸದ್ದು ಸೀಟಿನ ಮೂಲಕ ಬೆನ್ನಿಗೇ ಹೊಡೆಯುತ್ತದೆ. ಆಕ್ಸಲ್, ಯೂನಿವರ್ಸಲ್ ಜಾಯಿಂಟ್ ಮುರಿಯುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ಪಟ್ಟಿಯ ತಾಪತ್ರಯ ಇಷ್ಟೇ. ಭಾರ ಹೊರುವುದು, ಆಕ್ಸಲ್ ಹಿಂದೆಮುಂದೆ ಸರಿಯದ ಹಾಗೆ ಹಿಡಿಯುವುದು, ಪಕ್ಕಕ್ಕೆ ವಾಲದ ಹಾಗೆ ನೋಡಿಕೊಳ್ಳುವುದು, ಈ ತಿರುಚು ತಡೆಯುವುದು, ಎಲ್ಲ ಕೆಲಸವೂ ಅದರ ತಲೆ ಮೇಲೆ. ಒಂದಕ್ಕೆ ಗಟ್ಟಿ ಮಾಡಿದರೆ ಇನ್ನೊಂದಕ್ಕೆ ಏಟು. ತಿರುಚು ತಡೆಯಲಿ ಅಂತ ಬಿರುಸಾದ ಪಟ್ಟಿ ಹಾಕಿದರೆ ರಸ್ತೆಯ ಪ್ರತಿ ಗುಂಡಿಯೂ ಸೊಂಟಕ್ಕೆ ತಾಗುತ್ತದೆ.

ಮೊದಲು ಅಳತೆ ಟೇಪು

1967ರಲ್ಲಿ ಮಾಮೂಲಿ ಕಮಾರೋ ಫ್ಯಾಕ್ಟರಿ ಬಿಟ್ಟದ್ದು 7.35-14 ಅನ್ನುವ ಟಯರ್ ಹಾಕಿಕೊಂಡು, 5 ಇಂಚು ಅಗಲದ ರಿಮ್ಮಿನ ಮೇಲೆ. ಈಗಿನ ಲೆಕ್ಕದಲ್ಲಿ ಅದು ಸುಮಾರು 185, ಅಂದರೆ ಅಷ್ಟು ಮಿಲಿಮೀಟರ್ ಅಗಲ. ಊರಲ್ಲಿ ಹೋಂಡಾ ಸಿಟಿಗೆ ಹಾಕುವಷ್ಟು ಅಗಲ, ಅಷ್ಟೇ! ಈಗ ಜನ ಕೇಳುವುದು 275, 295, 315. ಆಸೆ ಇರುವವರು 335ಕ್ಕೂ ಹೋಗುತ್ತಾರೆ.

ಚಕ್ರದ ಒಳಮಗ್ಗುಲಿಗೇ ಪಟ್ಟಿ ಇರುತ್ತದೆ. ಹೊರಗಡೆ ಫೆಂಡರ್ ಅಂಚು. ನಡುವಿನ ಜಾಗದಲ್ಲಿ ಎಷ್ಟು ಹಿಡಿಯುತ್ತದೋ ಅಷ್ಟೇ. ರಿಮ್ಮಿನ ಆಫ್‌ಸೆಟ್, ಅಂದರೆ ರಿಮ್ ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ಕೂರುತ್ತದೆ ಅನ್ನುವುದನ್ನು ಸರಿಯಾಗಿ ಆರಿಸಿಕೊಂಡು, ಫೆಂಡರ್ ಅಂಚು ಮಡಿಸಿಕೊಂಡರೆ ಬಾಡಿ ಕತ್ತರಿಸದೆ 275ರ ಆಸುಪಾಸಿಗೆ ಹೋಗಬಹುದು. ಅದಕ್ಕಿಂತ ದೊಡ್ಡದು ಬೇಕೆಂದರೆ ಒಳಗಿನ ವೀಲ್ ಟಬ್, ಅಂದರೆ ಚಕ್ರದ ಮೇಲೆ ಕಮಾನಾಗಿ ಕೂತ ತಗಡು, ಕತ್ತರಿಸಿ ಅಗಲ ಮಾಡಬೇಕು. ಅದಕ್ಕೆ ಮಿನಿ ಟಬ್ ಅಂತಾರೆ. ಜೊತೆಗೆ ಪಟ್ಟಿಯನ್ನು ಒಳಕ್ಕೆ ಸರಿಸಬೇಕು, ಇಲ್ಲವೇ ತೆಗೆದೇಬಿಡಬೇಕು.

ಅಳೆಯುವಾಗ ಗಾಡಿಯ ಭಾರ ಆಕ್ಸಲ್ ಮೇಲೇ ಇರಲಿ. ಬಾಡಿಯ ಕೆಳಗೆ ಜಾಕಿ ಕೊಟ್ಟು ಚಕ್ರ ಜೋತುಬಿದ್ದಾಗ ಅಳೆದರೆ ಆ ಅಳತೆ ಕೆಲಸಕ್ಕೆ ಬಾರದು. ಆಕ್ಸಲ್ ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ರಿಮ್ ಕೂರುವ ಮುಖಕ್ಕೆ ಒಂದು ನೇರವಾದ ಸ್ಕೇಲ್ ಒರಗಿಸಿ. ಅಲ್ಲಿಂದ ಒಳಗೆ ಲೀಫ್ ಸ್ಪ್ರಿಂಗ್‌ವರೆಗೆ ಎಷ್ಟು, ಹೊರಗೆ ಫೆಂಡರ್ ಅಂಚಿನವರೆಗೆ ಎಷ್ಟು, ಬರೆದುಕೊಳ್ಳಿ. ಎಡಗಡೆ ಅಳೆದದ್ದೇ ಬಲಗಡೆಗೂ ಅಂದುಕೊಳ್ಳಬೇಡಿ. ಆ ಕಾಲದ ಬಾಡಿಗಳಲ್ಲಿ ಎರಡು ಪಕ್ಕಕ್ಕೂ ವ್ಯತ್ಯಾಸ ಇರುವುದು ಮಾಮೂಲು. ಟಾರ್ಚ್ ಹಾಕಿ ಸ್ಪ್ರಿಂಗ್‌ನ ಹೊರ ಅಂಚು ಒಮ್ಮೆ ನೋಡಿ. ತುಕ್ಕಿನ ನಡುವೆ ಒಂದು ಕಡೆ ಮಾತ್ರ ಫಳಫಳ ಹೊಳೆಯುತ್ತಿದ್ದರೆ, ತಿರುವಿನಲ್ಲಿ ಟಯರ್ ಅಲ್ಲಿಗೆ ಉಜ್ಜುತ್ತಿದೆ ಅಂತಲೇ ಅರ್ಥ. ಪಟ್ಟಿ ಪಕ್ಕಕ್ಕೆ ಎಷ್ಟು ಬಾಗುತ್ತಿದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ.

ಪಟ್ಟಿ ಉಳಿಸಿಕೊಳ್ಳುವ ದಾರಿ

ನನ್ನ ಒಲವು ಮುಚ್ಚಿಡುವುದಿಲ್ಲ. 275 ಟಯರ್ ಸಾಕು ಅನ್ನುವವರಲ್ಲಿ ಹೆಚ್ಚಿನವರು ಪಟ್ಟಿ ಬಿಟ್ಟು ಹೋಗಬೇಕಾಗಿಲ್ಲ. “ಲೀಫ್ ಸ್ಪ್ರಿಂಗ್ ಎತ್ತಿನ ಗಾಡಿ ಕಾಲದ್ದು” ಅಂತ ನಗುವವರಿಗೆ ಒಂದು ಮಾತು ನೆನಪಿಸಬೇಕು. 1968 ಮತ್ತು 1969ರ ಟ್ರಾನ್ಸ್ ಆಮ್ ಅನ್ನುವ ಅಮೆರಿಕದ ರೇಸ್ ಚಾಂಪಿಯನ್‌ಷಿಪ್ಪನ್ನು ರೋಜರ್ ಪೆನ್ಸ್ಕಿ ತಂಡದ ಕಮಾರೋ ಗೆದ್ದಿತು, ಓಡಿಸಿದ್ದು ಮಾರ್ಕ್ ಡೊನಾಹ್ಯೂ. ಹಿಂದೆ ಇದ್ದದ್ದು ಲೀಫ್ ಸ್ಪ್ರಿಂಗೇ. ಷೆವರ್ಲೆ ಕೂಡ ಕಮಾರೋದಲ್ಲಿ 1981ರ ಮಾಡೆಲ್‌ವರೆಗೆ ಪಟ್ಟಿ ಬಿಡಲಿಲ್ಲ.

ಈಗ ಗಾಡಿ ಕೆಟ್ಟದಾಗಿ ಓಡುತ್ತಿದ್ದರೆ ಪಟ್ಟಿ ಅನ್ನುವ ಪದ್ಧತಿಯನ್ನು ಬೈಯುವ ಮುಂಚೆ ಅದರ ವಯಸ್ಸು ನೋಡಿ. ಐವತ್ತು ವರ್ಷ ದಾಟಿದ ಸ್ಪ್ರಿಂಗ್ ಜೋತುಬಿದ್ದಿರುತ್ತದೆ, ಬೋಲ್ಟಿನ ಸುತ್ತ ಕೂರುವ ರಬ್ಬರ್ ಬುಷ್ ಪುಡಿಯಾಗಿರುತ್ತದೆ, ಶಾಕ್ ಒಳಗೆ ಎಣ್ಣೆಯೇ ಇರುವುದಿಲ್ಲ. ಅಂಥ ಗಾಡಿಯನ್ನು ಹೊಸ ಫೋರ್ ಲಿಂಕ್ ಜೊತೆ ಹೋಲಿಸಿ “ಆಹಾ, ಎಂಥ ವ್ಯತ್ಯಾಸ” ಅಂದರೆ ಅದು ನ್ಯಾಯವಾದ ಪಂದ್ಯ ಅಲ್ಲ. ಹೊಸ ಪಟ್ಟಿ, ಹೊಸ ಬುಷ್, ಒಳ್ಳೇ ಶಾಕ್ ಹಾಕಿದ ಮೇಲೆ ಹೋಲಿಸಿ.

ಇದಕ್ಕೂ ಮುಂಚೆ ಇನ್ನೊಂದು ಕೆಲಸ. ಈ ಕಮಾರೋದ ಮುಂಭಾಗಕ್ಕೆ ಸಬ್‌ಫ್ರೇಮ್ ಅನ್ನುವ ಬೇರೆ ಚೌಕಟ್ಟು ಇದೆ, ಅದು ರಬ್ಬರ್ ಬುಷ್ ಮೇಲೆ ಬಾಡಿಗೆ ಬೋಲ್ಟ್ ಆಗಿರುತ್ತದೆ. ಹಿಂಭಾಗಕ್ಕೆ ಬಾಡಿಯೇ ಫ್ರೇಮು. ನಡುವೆ ಇವೆರಡನ್ನೂ ಕಟ್ಟಿಹಾಕುವ ಗಟ್ಟಿ ಕಂಬ ಇಲ್ಲ. ಗಾಡಿಯೇ ನುಲಿಯುತ್ತಿದ್ದರೆ ಹಿಂದೆ ಎಂಥ ಸಸ್ಪೆನ್ಷನ್ ಕೂರಿಸಿದರೂ ಅದು ನೆಟ್ಟಗೆ ಕೆಲಸ ಮಾಡುವುದಿಲ್ಲ. ಸಬ್‌ಫ್ರೇಮ್ ಕನೆಕ್ಟರ್ ಅಂತ ಎರಡು ಉದ್ದನೆಯ ಕೊಳವೆಗಳು ಸಿಗುತ್ತವೆ. ಪಟ್ಟಿ ಉಳಿಸಿಕೊಳ್ಳುವವರಿಗೂ ಬೇಕು, ಕಿತ್ತು ಹಾಕುವವರಿಗೂ ಬೇಕು. ಬೋಲ್ಟ್ ಹಾಕುವುದೂ ಉಂಟು, ವೆಲ್ಡ್ ಮಾಡುವುದೂ ಉಂಟು. ನನ್ನ ಮಟ್ಟಿಗೆ ವೆಲ್ಡಿಂಗೇ ಸರಿ. ಗಾಡಿ ಚಕ್ರದ ಮೇಲೆ ನಿಂತಿರುವಾಗಲೇ ವೆಲ್ಡ್ ಮಾಡಿಸಿ, ಇಲ್ಲದಿದ್ದರೆ ಬಾಡಿ ಬಾಗಿರುವ ಸ್ಥಿತಿಯಲ್ಲೇ ಬಿಗಿದುಹೋಗುತ್ತದೆ, ಆಮೇಲೆ ಬಾಗಿಲು ಸರಿಯಾಗಿ ಕೂರುವುದಿಲ್ಲ.

ಗಾಡಿ ತಗ್ಗಿಸಬೇಕಾ? ಆಕ್ಸಲ್ಲಿಗೂ ಪಟ್ಟಿಗೂ ನಡುವೆ ಬ್ಲಾಕ್ ತುರುಕುವ ಅಗ್ಗದ ದಾರಿ ಬೇಡ. ಬ್ಲಾಕ್ ಎತ್ತರ ಆದಷ್ಟೂ ಪಟ್ಟಿಯನ್ನು ತಿರುಚಲು ಆಕ್ಸಲ್‌ಗೆ ಸನ್ನೆಕೋಲು ಸಿಕ್ಕಿದ ಹಾಗೆ ಆಗುತ್ತದೆ, ಕುಣಿತ ಇನ್ನೂ ಜಾಸ್ತಿ. ಕಮಾನು ಕಡಿಮೆ ಇರುವ, ಹೆಚ್ಚುಕಡಿಮೆ ಚಪ್ಪಟೆಯಾಗಿ ಕೂರುವ ಹೊಸ ಸ್ಪ್ರಿಂಗ್ ಸಿಗುತ್ತದೆ. ಹಾಚ್‌ಕಿಸ್, ಗ್ಲೋಬಲ್ ವೆಸ್ಟ್, ಡೆಟ್ರಾಯಿಟ್ ಸ್ಪೀಡ್ ಎಲ್ಲರೂ ಮಾಡುತ್ತಾರೆ. ಇದರಿಂದ ಇನ್ನೊಂದು ಲಾಭವೂ ಇದೆ. ಕಮಾನು ಜಾಸ್ತಿ ಇದ್ದರೆ ತಿರುವಿನಲ್ಲಿ ಬಾಡಿ ವಾಲಿದಾಗ ಆಕ್ಸಲ್ ಸ್ವಲ್ಪ ಓರೆಯಾಗಿ, ಹಿಂದಿನ ಚಕ್ರಗಳೇ ಸ್ಟೀರಿಂಗ್ ತಿರುಗಿಸಿದಂತೆ ಆಗುತ್ತದೆ. ಚಪ್ಪಟೆ ಪಟ್ಟಿಯಲ್ಲಿ ಆ ಚೇಷ್ಟೆ ಕಡಿಮೆ. ಒಂಟಿ ಪಟ್ಟಿಯಿಂದ ಹಲವು ಪಟ್ಟಿಗೆ ಹೋಗುವವರು ಕೆಳಗಿನ ಪ್ಲೇಟು, ಬೋಲ್ಟು ಎಲ್ಲ ಸೆಟ್ಟಾಗಿಯೇ ತೆಗೆದುಕೊಳ್ಳಿ, ಹಳೆಯದು ಹೊಂದುವುದಿಲ್ಲ.

ಬುಷ್ ವಿಚಾರ. ರಬ್ಬರ್ ಸದ್ದಿಲ್ಲದೆ ಇರುತ್ತದೆ, ಸ್ವಲ್ಪ ಮೆತ್ತಗೆ. ಪಾಲಿಯುರಿಥೇನ್ ಬಿಗಿ, ಗ್ರೀಸ್ ಒಣಗಿದರೆ ಕಿರಗುಟ್ಟುತ್ತದೆ. ರಸ್ತೆ ಗಾಡಿಗೆ ರಬ್ಬರ್ ಹಾಕಿಸಿಕೊಂಡು ಯಾರೂ ಕೆಟ್ಟಿಲ್ಲ. ರಬ್ಬರ್ ಬುಷ್ ಬೋಲ್ಟನ್ನು ಕೊನೆಯ ಬಿಗಿ ಮಾಡುವಾಗ ಮಾತ್ರ ಗಾಡಿಯ ಭಾರ ಚಕ್ರದ ಮೇಲಿರಬೇಕು. ಚಕ್ರ ಜೋತುಬಿದ್ದಾಗ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಕೈಯಾರೆ ಮಾಡುವವರು ಮುಂದಿನ ಕಣ್ಣಿನ, ಅಂದರೆ ಪಟ್ಟಿಯ ಮುಂತುದಿಯ ಬಳೆಯ ಬೋಲ್ಟಿಗೆ ಒಂದು ದಿನ ಎತ್ತಿಡಿ. ಹಿಮಕ್ಕೆ ಉಪ್ಪು ಸುರಿಯುವ ಮಿಷಿಗನ್, ಒಹಾಯೋ ಕಡೆಯ ಗಾಡಿಯಾದರೆ ಎರಡು ದಿನ. ಬೋಲ್ಟು ಬುಷ್ಷಿನ ಒಳಕೊಳವೆಗೆ ತುಕ್ಕಿನಲ್ಲಿ ಅಂಟಿಕೊಂಡಿರುತ್ತದೆ. ನಟ್ ಬಿಚ್ಚುತ್ತದೆ, ಬೋಲ್ಟು ಸುತ್ತುತ್ತದೆ, ಹೊರಗೆ ಮಾತ್ರ ಬರುವುದಿಲ್ಲ. ಕಾಯಿಸಿ ಬಡಿದರೂ ಬರಲಿಲ್ಲ ಅಂದರೆ ಗರಗಸದಲ್ಲಿ ಎರಡು ಕಡೆ ಕತ್ತರಿಸುವುದೇ ದಾರಿ. ಇನ್ನು ಆ ಕಣ್ಣು ಕೂರುವ ಸ್ಪ್ರಿಂಗ್ ಪಾಕೆಟ್ಟನ್ನು ಬಾಡಿಗೆ ಹಿಡಿದಿರುವ ಮೂರು ಬೋಲ್ಟುಗಳು. ಅವುಗಳ ನಟ್ ಬಾಡಿಯೊಳಗಿನ ಸಣ್ಣ ಪಂಜರದಲ್ಲಿ ಕೂತಿರುತ್ತದೆ. ಪಂಜರ ಕಿತ್ತುಬಂದರೆ ನಟ್ ಒಳಗೇ ಗಿರಗಿರ ತಿರುಗುತ್ತದೆ, ಆಮೇಲೆ ನೆಲದ ತಗಡಿಗೆ ಕಿಂಡಿ ಕೊರೆಯಬೇಕಾಗುತ್ತದೆ. ಹಿಂದಿನ ದಿನವೇ ತುಕ್ಕೆಣ್ಣೆ ಬಿಟ್ಟಿಡಿ, ಅವಸರ ಬೇಡ.

ಇಷ್ಟಾದ ಮೇಲೂ ಹೊರಡುವಾಗ ಕುಣಿಯುತ್ತದೆ ಅಂದರೆ ಟ್ರಾಕ್ಷನ್ ಬಾರ್. ಹಳೇ ಕಾಲದ ಸ್ಲಾಪರ್ ಬಾರ್ ಅಗ್ಗ. ಆಕ್ಸಲ್ ಕೆಳಗೆ ಕಟ್ಟಿದ ಒಂದು ಕಂಬ, ಅದರ ಮೂಗಿನ ತುದಿಯ ರಬ್ಬರ್ ಪಟ್ಟಿಯ ಮುಂದಿನ ಕಣ್ಣಿಗೆ ಹೋಗಿ ಗುದ್ದುತ್ತದೆ. ಕೆಲಸ ಮಾಡುತ್ತದೆ, ಆದರೆ ಕೆಳಗೆ ಜೋತಾಡುತ್ತದೆ, ಹಂಪ್ ಸಿಕ್ಕಿದರೆ ಕೆರೆಯುತ್ತದೆ. ಕ್ಯಾಲ್‌ಟ್ರಾಕ್ಸ್ ಇದಕ್ಕಿಂತ ಜಾಣತನದ್ದು. ಹೌಸಿಂಗ್ ತಿರುಚಿದಾಗ ಕಂಬ ಮುಂದಕ್ಕೆ ತಳ್ಳುತ್ತದೆ, ಮುಂದಿನ ಕಣ್ಣಿನ ಹತ್ತಿರ ಇರುವ ತ್ರಿಕೋನದ ತುಂಡು ತಿರುಗಿ ಪಟ್ಟಿಯ ಬೆನ್ನು ಅದುಮುತ್ತದೆ. ಪಟ್ಟಿಗೆ ಬಳುಕಲು ಜಾಗವೇ ಇಲ್ಲ. ಕಾಲು ಮೈಲಿಯ ನೇರ ಓಟ, ಅಂದರೆ ಡ್ರ್ಯಾಗ್ ಓಡಿಸುವವರು ಪಟ್ಟಿ ಇಟ್ಟುಕೊಂಡೇ ಇದನ್ನು ಹಾಕಿ ಚೆನ್ನಾಗಿ ಓಡಿಸುತ್ತಾರೆ. ಇಷ್ಟೂ ಸೇರಿ ಖರ್ಚು ಫೋರ್ ಲಿಂಕ್ ಕಿಟ್ಟಿನ ಖರ್ಚಿಗೆ ಎಷ್ಟೋ ಕೆಳಗೆ ಇರುತ್ತದೆ.

ಪಟ್ಟಿಯ ಒಂದು ದೋಷಕ್ಕೆ ಮಾತ್ರ ಈ ದಾರಿಯಲ್ಲಿ ಪೂರ್ತಿ ಮದ್ದಿಲ್ಲ. ಅಗಲ ಟಯರ್ ಹಾಕಿ ಜೋರಾಗಿ ತಿರುವು ತೆಗೆದುಕೊಂಡರೆ ಆಕ್ಸಲ್ ಪಕ್ಕಕ್ಕೆ ಜಾರುತ್ತದೆ. ಸಾವಕಾಶವಾಗಿ ಓಡಿಸುವವರಿಗೆ ಗೊತ್ತೂ ಆಗುವುದಿಲ್ಲ. ಕೋನ್‌ಗಳ ನಡುವೆ ತಿರುವು ತೆಗೆದುಕೊಳ್ಳುವ ಆಟೋಕ್ರಾಸ್ ಓಡಿಸುವವರಿಗೆ ಮೊದಲ ಸುತ್ತಿನಲ್ಲೇ ಗೊತ್ತಾಗುತ್ತದೆ. ಲಿಂಕ್‌ಗಳ ಕಡೆ ನೋಡಬೇಕಾದವರು ಇವರು.

ಲಿಂಕ್ ಹಾಕುವ ದಾರಿಗಳು

ಇಲ್ಲಿ ಎಲ್ಲರದೂ ಒಂದೇ ಉಪಾಯ, ಕೆಲಸ ಹಂಚುವುದು. ಭಾರ ಹೊರಲು ಕಾಯಿಲ್ ಸ್ಪ್ರಿಂಗ್, ಹಿಂದೆಮುಂದೆ ಹಿಡಿಯಲು ಮತ್ತು ತಿರುಚು ತಡೆಯಲು ಕಂಬಗಳು, ಪಕ್ಕಕ್ಕೆ ಹಿಡಿಯಲು ಇನ್ನೊಂದು. ಒಂದೊಂದನ್ನೂ ಬೇರೆಬೇರೆಯಾಗಿ ತಿದ್ದಿಕೊಳ್ಳಬಹುದು.

ಫೋರ್ ಲಿಂಕ್‌ನಲ್ಲಿ ಎರಡು ಜಾತಿ. ಮೇಲಿನ ಎರಡು ಕಂಬ ಓರೆಯಾಗಿದ್ದರೆ ತ್ರಿಕೋನದ ಫೋರ್ ಲಿಂಕ್. ಆ ಓರೆಯೇ ಆಕ್ಸಲ್ಲನ್ನು ಪಕ್ಕಕ್ಕೂ ಹಿಡಿಯುವುದರಿಂದ ಬೇರೆ ಅಡ್ಡಕಂಬ ಬೇಡ. ರೈಡ್‌ಟೆಕ್ ಕಂಪನಿಯದು ಈ ಬಗೆ, ಬಹುತೇಕ ಬೋಲ್ಟ್ ಮೇಲೇ ಕೂರುತ್ತದೆ. ನಾಲ್ಕೂ ನೇರವಾಗಿದ್ದರೆ ಸಮಾಂತರ ಫೋರ್ ಲಿಂಕ್, ಅದಕ್ಕೆ ಪ್ಯಾನ್ಹಾರ್ಡ್ ಅನ್ನುವ ಅಡ್ಡಕಂಬ ಬೇಕೇಬೇಕು. ಡೆಟ್ರಾಯಿಟ್ ಸ್ಪೀಡ್‌ನ ಕ್ವಾಡ್ರಾಲಿಂಕ್ ಈ ಬಗೆ, ಕತ್ತರಿಸಿ ವೆಲ್ಡ್ ಮಾಡುವ ಕೆಲಸ ಇದೆ.

ಎರಡರಲ್ಲೂ ನೋಡಬೇಕಾದದ್ದು ಕಂಬಗಳ ಕೀಲು. ಬಾಡಿ ವಾಲಿದಾಗ ನಾಲ್ಕು ಕಂಬವೂ ತಂತಮ್ಮ ದಾರಿಯಲ್ಲಿ ತಿರುಗಲು ನೋಡುತ್ತವೆ, ಒಂದಕ್ಕೊಂದು ಅಡ್ಡ ಬರುತ್ತವೆ. ಕೀಲುಗಳಲ್ಲಿ ಸಡಿಲಿಕೆ ಇಲ್ಲದಿದ್ದರೆ ಇಡೀ ಆಕ್ಸಲ್ಲೇ ಬಾಡಿ ವಾಲದಂತೆ ತಡೆಯುವ ಒಂದು ದೊಡ್ಡ ಆಂಟಿ ರೋಲ್ ಬಾರ್ ಆಗಿಬಿಡುತ್ತದೆ, ಹಿಂಭಾಗ ಇದ್ದಕ್ಕಿದ್ದ ಹಾಗೆ ಹಿಡಿತ ಬಿಡುತ್ತದೆ. ಅದಕ್ಕೇ ಒಳ್ಳೇ ಕಿಟ್ಟುಗಳಲ್ಲಿ ಕಂಬ ತನ್ನ ಮೇಲೇ ತಿರುಗುವ ಹಾಗೆ ಕೀಲು ಕೊಟ್ಟಿರುತ್ತಾರೆ. ಎರಡೂ ತುದಿಗೆ ಬರೀ ಗಟ್ಟಿ ಪಾಲಿ ಬುಷ್ ಹಾಕಿ “ರೇಸಿಂಗ್ ಫೋರ್ ಲಿಂಕ್” ಅಂತ ಹೆಸರಿಟ್ಟ ಅಗ್ಗದ ಕಿಟ್ ಕಂಡರೆ ಸುಮ್ನೆ ಮುಂದೆ ಹೋಗಿ. ನೀವು ಅದಕ್ಕೆ ಕೊಡುವ ದುಡ್ಡಿಗೆ ಒಳ್ಳೇ ಪಟ್ಟಿ, ಒಳ್ಳೇ ಶಾಕ್ ಎರಡೂ ಬರುತ್ತವೆ.

ಪ್ಯಾನ್ಹಾರ್ಡ್ ಕಂಬದ ಬಗ್ಗೆ ಹೆದರಿಸುವವರು ಇದ್ದಾರೆ. ಅದರ ಒಂದು ತುದಿ ಬಾಡಿಗೆ, ಇನ್ನೊಂದು ಆಕ್ಸಲ್‌ಗೆ. ಚಕ್ರ ಮೇಲೆ ಕೆಳಗೆ ಹೋದಾಗ ತುದಿ ವೃತ್ತದಲ್ಲಿ ಸುತ್ತುವುದರಿಂದ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ ಅನ್ನುವುದು ನಿಜ. ಆದರೆ ಎಷ್ಟು? 36 ಇಂಚಿನ ಕಂಬ ಮಟ್ಟಸವಾಗಿ ಕೂತಿದ್ದರೆ, ಚಕ್ರ 2 ಇಂಚು ಮೇಲೆ ಹೋದಾಗ ಆಕ್ಸಲ್ ಸರಿಯುವುದು ಒಂದೂವರೆ ಮಿಲಿಮೀಟರ್‌ಗೂ ಕಡಿಮೆ. 3 ಇಂಚಿಗೆ ಮೂರು ಮಿಲಿಮೀಟರ್ ಚಿಲ್ಲರೆ. ಕಂಬ ಉದ್ದ ಇರಲಿ, ಗಾಡಿ ನಿಂತ ಎತ್ತರದಲ್ಲಿ ಮಟ್ಟಸ ಇರಲಿ, ಆಮೇಲೆ ನೆಮ್ಮದಿಯಾಗಿ ನಿದ್ದೆ ಮಾಡಿ.

ಈ ಸರಿದಾಟವೂ ಬೇಡ ಅನ್ನುವವರಿಗೆ ವಾಟ್ಸ್ ಲಿಂಕ್ ಇದೆ. ಉಗಿ ಎಂಜಿನ್ನಿನ ಜೇಮ್ಸ್ ವಾಟ್ 1784ರಲ್ಲಿ ಪೇಟೆಂಟ್ ಪಡೆದ ಅದೇ ಏರ್ಪಾಡು. ಎರಡು ಕಂಬ, ನಡುವೆ ತಿರುಗುವ ಒಂದು ತುಂಡು, ಆಕ್ಸಲ್ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಮೇಲೆ ಕೆಳಗೆ ಹೋಗುತ್ತದೆ. ನೋಡಲು ಬಲು ಚೆಂದ. ಡಿಫರೆನ್ಷಿಯಲ್ ಹಿಂದೆ ಜಾಗ ತಿನ್ನುತ್ತದೆ, ಅಲ್ಲೇ ಪೆಟ್ರೋಲ್ ಟ್ಯಾಂಕ್, ಅಲ್ಲೇ ಸೈಲೆನ್ಸರ್ ಕೊಳವೆ. ರೇಸ್ ಟ್ರ್ಯಾಕಿನಲ್ಲಿ ಸೆಕೆಂಡಿನ ಭಾಗಗಳನ್ನು ಎಣಿಸದವರಿಗೆ ಪ್ಯಾನ್ಹಾರ್ಡೇ ಸಾಕು.

ತ್ರೀ ಲಿಂಕ್ ಎಂಜಿನಿಯರ್‌ಗಳ ಅಚ್ಚುಮೆಚ್ಚು. ಮೇಲೆ ಒಂದೇ ಕಂಬ ಇರುವುದರಿಂದ ಒಂದಕ್ಕೊಂದು ಅಡ್ಡ ಬರುವ ಸಮಸ್ಯೆಯೇ ಇಲ್ಲ. ಫೋರ್ಡ್ ಕೂಡ 2005ರ ಮಸ್ಟ್ಯಾಂಗ್‌ಗೆ ಇದನ್ನೇ ಹಾಕಿತು. ಕಮಾರೋದಲ್ಲಿ ಆ ಮೇಲಿನ ಕಂಬಕ್ಕೆ ಜಾಗ ಬೇಕೆಂದರೆ ಹಿಂದಿನ ಸೀಟಿನ ಕೆಳಗಿನ ತಗಡಿಗೆ ಕೈ ಹಾಕಬೇಕು. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಐಸ್‌ಕ್ರೀಮ್ ತಿನ್ನಲು ಹೋಗುವ ಆಸೆ ಇದ್ದರೆ ಒಮ್ಮೆ ಯೋಚಿಸಿ.

ಟಾರ್ಕ್ ಆರ್ಮ್ ಅಂದರೆ ಡಿಫರೆನ್ಷಿಯಲ್ಲಿಗೆ ಬಿಗಿದ ಒಂದು ಉದ್ದ ತೋಳು, ಮುಂದಿನ ತುದಿ ಗೇರ್ ಬಾಕ್ಸ್ ಹತ್ತಿರ. ಷೆವರ್ಲೆ 1982ರ ಕಮಾರೋಗೆ ಕೊನೆಗೂ ಪಟ್ಟಿ ಬಿಟ್ಟು ಹೋದದ್ದು ಇದಕ್ಕೇ. ಹೊರಡುವಾಗ ಹಿಡಿತ ಸೊಗಸು. ತೋಳು ಗಿಡ್ಡ ಇದ್ದರೆ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಕುಣಿಯುವ ಹೊಸ ರೋಗ ಅಂಟಿಕೊಳ್ಳುತ್ತದೆ. ಇನ್ನೊಂದು ಟ್ರಕ್ ಆರ್ಮ್, 1960ರಿಂದ 72ರವರೆಗಿನ ಷೆವರ್ಲೆ ಪಿಕಪ್ ಟ್ರಕ್ಕುಗಳದ್ದು. ಎರಡು ಉದ್ದ ತೋಳು, ಒಂದು ಪ್ಯಾನ್ಹಾರ್ಡ್, ಅಷ್ಟೇ. ಅಮೆರಿಕದ ನಾಸ್ಕಾರ್ ಕಪ್ ಕಾರು ರೇಸುಗಳಲ್ಲಿ 2022ರಲ್ಲಿ ಹೊಸ ಗಾಡಿ ಬರುವವರೆಗೂ ಇದೇ ಓಡಿತು. ಮುರಿಯಲು, ಕೆಡಲು ಹೆಚ್ಚೇನೂ ಇಲ್ಲದ ಒರಟು ಜಾತಿ, ನನಗಂತೂ ಇಷ್ಟ.

ಕಿಟ್ಟಿನ ರೇಟು ನೋಡಿ ಲೆಕ್ಕ ಹಾಕಬೇಡಿ

ಲಿಂಕ್ ಕಿಟ್ ಅಂದರೆ ಸಾವಿರಗಳ ಲೆಕ್ಕದ ಡಾಲರ್. ಅದು ಶುರು ಮಾತ್ರ. ಕಾಯಿಲ್ ಸ್ಪ್ರಿಂಗ್‌ನ ಭಾರ ಹೊರಲು ಮೇಲೆ ಹೊಸ ಅಡ್ಡಪಟ್ಟಿ ಬೇಕು, ಯಾಕೆಂದರೆ ಹಳೇ ಶಾಕ್ ಕಟ್ಟುತ್ತಿದ್ದ ಜಾಗದ ತಗಡು ಶಾಕ್ ತಡೆಯಲು ಮಾಡಿದ್ದು, ಗಾಡಿಯ ಭಾರ ಹೊರಲು ಅಲ್ಲ. ಆಕ್ಸಲ್‌ಗೆ ಬ್ರಾಕೆಟ್ ವೆಲ್ಡ್ ಮಾಡಬೇಕು. ಆ ಶಾಖಕ್ಕೆ ಹೌಸಿಂಗ್ ಬಾಗುವುದರಿಂದ ಆಮೇಲೆ ನೆಟ್ಟಗೆ ಮಾಡಿಸಬೇಕು. ಹಾಗಾಗಿ ಅನೇಕರು ಬ್ರಾಕೆಟ್ ಸಮೇತ ಬರುವ ಹೊಸ ಹೌಸಿಂಗನ್ನೇ ತರಿಸುತ್ತಾರೆ. ಅದು ಸಾಮಾನ್ಯವಾಗಿ ಫೋರ್ಡ್‌ನ 9 ಇಂಚಿನದು. ಷೆವರ್ಲೆ ಹೊಟ್ಟೆಗೆ ಫೋರ್ಡ್ ಆಕ್ಸಲ್ ಅಂದರೆ ಮಡಿವಂತರಿಗೆ ಮೈಲಿಗೆ, ಆದರೆ ಗಟ್ಟಿತನದಲ್ಲಿ ದೂರು ಹೇಳುವ ಹಾಗಿಲ್ಲ. ಹೊಸ ಆಕ್ಸಲ್ ಬಂದ ಮೇಲೆ ಪ್ರೊಪೆಲ್ಲರ್ ಶಾಫ್ಟ್ ಉದ್ದ ಬದಲು, ಬ್ರೇಕ್ ಪೈಪ್ ಬದಲು, ಹ್ಯಾಂಡ್ ಬ್ರೇಕ್ ಕೇಬಲ್ ಬದಲು. ಎಕ್ಸಾಸ್ಟ್ ಹಳೇ ದಾರಿಯಲ್ಲಿ ಹೋಗಲು ಜಾಗ ಇರುವುದಿಲ್ಲ. ಮಿನಿ ಟಬ್ ಮಾಡಿದರೆ ಹಿಂದಿನ ಸೀಟು ಎರಡೂ ಪಕ್ಕ ಕಿರಿದು ಮಾಡಿಸಬೇಕು. ಇದೆಲ್ಲ ಅಂಗಡಿಯ ಬಿಲ್ಲಿಗೆ ಬಂದ ಮೇಲೆ ಕಿಟ್ಟಿನ ರೇಟು ಚಿಲ್ಲರೆ ಅನ್ನಿಸುತ್ತದೆ.

ಪಿನಿಯನ್ ಕೋನವನ್ನೂ ಆಗಲೇ ನೋಡಿಕೊಳ್ಳಿ. ಪಟ್ಟಿ ಗಾಡಿಯಲ್ಲಿ ಮೂತಿ ಮೇಲೇಳುತ್ತದೆ ಅಂತ ಮೊದಲೇ ಕೆಲವು ಡಿಗ್ರಿ ತಗ್ಗಿಸಿ ಕೂರಿಸುತ್ತಾರೆ. ಲಿಂಕ್ ಗಾಡಿಯಲ್ಲಿ ಮೂತಿ ಅಷ್ಟು ಏಳುವುದಿಲ್ಲ, ಒಂದೆರಡು ಡಿಗ್ರಿ ಸಾಕು. ಹಳೇ ಲೆಕ್ಕದಲ್ಲೇ ಬಿಟ್ಟರೆ ಹೈವೇಯಲ್ಲಿ ಗುಂಯ್ ಅನ್ನುವ ನಡುಕ ಶುರುವಾಗುತ್ತದೆ.

ಸ್ವತಂತ್ರ ಸಸ್ಪೆನ್ಷನ್, ಏರ್ ಬ್ಯಾಗ್

ಎರಡು ಚಕ್ರವೂ ಬೇರೆಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್ ಷೆವರ್ಲೆಯದೇ ಸ್ಪೋರ್ಟ್ಸ್ ಕಾರು ಕಾರ್ವೆಟ್‌ನಲ್ಲಿ 1963ರಲ್ಲೇ ಬಂದಿತ್ತು. ಕಮಾರೋಗೆ ಬಂದದ್ದು 2010ರ ಮಾಡೆಲ್‌ನಲ್ಲಿ. ಹಳೇ ಕಮಾರೋಗೂ ಕಿಟ್ ಸಿಗುತ್ತದೆ. ಗುಂಡಿ ಬಿದ್ದ ರಸ್ತೆಯ ತಿರುವಿನಲ್ಲಿ ಒಂದು ಚಕ್ರದ ಏಟು ಇನ್ನೊಂದಕ್ಕೆ ದಾಟುವುದಿಲ್ಲ, ಆ ಸುಖ ನಿಜ. ಆದರೆ ದುಡ್ಡು, ಕತ್ತರಿಸುವ ಕೆಲಸ ಎರಡೂ ಇಲ್ಲಿ ಎಲ್ಲಕ್ಕಿಂತ ಜಾಸ್ತಿ. ನೇರ ಗೆರೆಯಲ್ಲಿ ಜೋರಾಗಿ ಹೊರಡಲು ಗಟ್ಟಿ ಆಕ್ಸಲ್ಲೇ ಮೇಲು. 1999ರ ಮಸ್ಟ್ಯಾಂಗ್ ಕೋಬ್ರಾಗೆ ಫೋರ್ಡ್ ಸ್ವತಂತ್ರ ಸಸ್ಪೆನ್ಷನ್ ಕೊಟ್ಟಾಗ ಡ್ರ್ಯಾಗ್ ಓಡಿಸುವವರು ಅದನ್ನು ಬಿಚ್ಚಿ ಹಳೇ ಬಗೆಯ ಆಕ್ಸಲ್ ಹಾಕಿಕೊಂಡರು. ಹಿಂದಿನಿಂದ ನೋಡಿದವರಿಗೆ ಕೆಳಗೆ ಚೆಂದ ಕಾಣಬೇಕು, ದುಡ್ಡಿನ ಚಿಂತೆ ಇಲ್ಲ ಅಂದರೆ ಹಾಕಿಸಿ, ನಾನೇಕೆ ಬೇಡ ಅನ್ನಲಿ.

ಏರ್ ಬ್ಯಾಗ್ ಬೇಕಾಗುವುದು, ನಿಲ್ಲಿಸಿದಾಗ ನೆಲಕ್ಕೆ ಕೂರುವ ಗಾಡಿಗೆ. ಕಂಬಗಳು ಅವೇ, ಸ್ಪ್ರಿಂಗ್ ಜಾಗದಲ್ಲಿ ಗಾಳಿಚೀಲ. ಕಂಪ್ರೆಸರ್, ಟ್ಯಾಂಕ್, ವಾಲ್ವ್ ಎಲ್ಲ ನೋಡಿಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ.

ಯಾರಿಗೆ ಯಾವುದು

ಡೆಟ್ರಾಯಿಟ್ ಸುತ್ತಮುತ್ತ ಕಾರು ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಅಲ್ಲಿ ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಹಳೇ ಕಾರುಗಳ ದೊಡ್ಡ ಜಾತ್ರೆ, 1995ರಿಂದ ನಡೆದುಕೊಂಡು ಬಂದದ್ದು. ಅಲ್ಲಿ ಗಾಡಿಗಳು ಓಡುವುದಿಲ್ಲ, ತೆವಳುತ್ತವೆ. ವಾಟ್ಸ್ ಲಿಂಕ್ ಹಾಕಿದ ಗಾಡಿಯೂ ಪಕ್ಕದ ಹಳೇ ಪಟ್ಟಿ ಗಾಡಿಯೂ ಒಂದೇ ವೇಗ. ಮನೆಯಿಂದ ಅಲ್ಲಿಗೆ, ಭಾನುವಾರ ಕಾಫಿಗೆ, ವರ್ಷಕ್ಕೊಮ್ಮೆ ಉದ್ದದ ಪ್ರಯಾಣಕ್ಕೆ ಅನ್ನುವವರಿಗೆ ಹೊಸ ಹಲವು ಪಟ್ಟಿಯ ಸ್ಪ್ರಿಂಗ್, ಬಿಲ್‌ಸ್ಟೀನ್ ಅಥವಾ ಕೋನಿ ತರಹದ ಶಾಕ್, ಸಬ್‌ಫ್ರೇಮ್ ಕನೆಕ್ಟರ್. ಮುಗಿಯಿತು. ಮಿಕ್ಕ ದುಡ್ಡಲ್ಲಿ ಬ್ರೇಕ್ ಸರಿ ಮಾಡಿಸಿ.

ಡ್ರ್ಯಾಗ್ ಸ್ಟ್ರಿಪ್ಪಿಗೆ ಹೋಗುವವರು ಇದಕ್ಕೆ ಕ್ಯಾಲ್‌ಟ್ರಾಕ್ಸ್ ಸೇರಿಸಿ. ಆಟೋಕ್ರಾಸ್, ಟ್ರ್ಯಾಕ್ ಡೇ ಹುಚ್ಚು ಹತ್ತಿದವರು, 295ಕ್ಕಿಂತ ದೊಡ್ಡ ಟಯರ್ ಬೇಕೇ ಬೇಕು ಅನ್ನುವವರು ಲಿಂಕ್ ಹಾಕಿಸಿ, ಅರ್ಧಂಬರ್ಧ ಬೇಡ. ಪಟ್ಟಿಗೂ ಮಿನಿ ಟಬ್ ಮಾಡಿ ಪಟ್ಟಿ ಒಳಕ್ಕೆ ಸರಿಸುವ ನಡುದಾರಿ ಇದೆ. ಆದರೆ ವೆಲ್ಡಿಂಗ್ ಅಂಗಡಿಗೆ ಗಾಡಿ ಬಿಟ್ಟ ಮೇಲೆ ಪೂರ್ತಿ ಕೆಲಸ ಒಂದೇ ಸಲ ಮುಗಿಸುವುದು ಲೇಸು.

ಬೇರೆ ಗಾಡಿಯವರಿಗೆ ಎರಡು ಮಾತು. 1964ರಿಂದ 72ರವರೆಗಿನ ಷೆವೆಲ್, ಜಿಟಿಒ, ಕಟ್ಲಸ್ ಗಾಡಿಗಳಿಗೆ ಹುಟ್ಟಿನಿಂದಲೇ ಕಾಯಿಲ್ ಸ್ಪ್ರಿಂಗ್, ತ್ರಿಕೋನದ ಫೋರ್ ಲಿಂಕ್. ಕಿತ್ತು ಹಾಕುವುದೇನಿಲ್ಲ. ಕೆಳಗಿನ ತೋಳು ತೆರೆದ ತಗಡಿನದಾದರೆ ಮುಚ್ಚಿದ ಗಟ್ಟಿ ತೋಳು ಹಾಕಿ, ಆಂಟಿ ರೋಲ್ ಬಾರ್ ಸೇರಿಸಿ, ಮೇಲಿನ ತೋಳಿಗೆ ಮಾತ್ರ ಗಟ್ಟಿ ಪಾಲಿ ಬುಷ್ ಬೇಡ. ಮಸ್ಟ್ಯಾಂಗ್‌ನವರ ಕಥೆ ಕಮಾರೋದ್ದೇ. 1965ರ ಶೆಲ್ಬಿ ಜಿಟಿ350ಯಲ್ಲಿ ಆಕ್ಸಲ್ ಮೇಲಿನಿಂದ ನೆಲದ ತಗಡು ತೂರಿ ಹೋಗುವ ಟ್ರಾಕ್ಷನ್ ಬಾರ್ ಇತ್ತು, ಅಂದರೆ ಆಗಲೂ ಇದೇ ತಲೆನೋವು! ಡಾಡ್ಜ್, ಪ್ಲಿಮತ್ ಪುಣ್ಯ ಮಾಡಿದ್ದವು. ಕ್ರೈಸ್ಲರ್‌ನವರು ಆಕ್ಸಲ್ಲನ್ನು ಪಟ್ಟಿಯ ನಟ್ಟನಡುವೆ ಕೂರಿಸದೆ ಮುಂದಕ್ಕೆ ತಳ್ಳಿದ್ದರು. ಮುಂದಿನ ಭಾಗ ಗಿಡ್ಡ, ಬಿರುಸು, ಹಾಗಾಗಿ ಬಳುಕು ಕಡಿಮೆ. ಅಂಥ ಗಾಡಿಗೆ ಹೊಸ ಪಟ್ಟಿ ಹಾಕಿ ಓಡಿಸಿ ನೋಡದೆ ಫೋರ್ ಲಿಂಕ್ ಮಾತೇ ಎತ್ತಬೇಡಿ.

ಕತ್ತರಿಸುವ ಮುಂಚೆ ನಿಮ್ಮ ಗಾಡಿ ಯಾವುದು ಅಂತ ಕಾಗದ ತೆಗೆದು ನೋಡಿ. ಕಮಾರೋದ ಜೋರಿನ ಮಾಡೆಲ್‌ಗಳಾದ ನಿಜವಾದ ಝಡ್28, ಮೂಲ ಎಂಜಿನ್ ಇರುವ ಎಸ್ಎಸ್ ಆದರೆ ನೆಲದ ತಗಡಿಗೆ ಗರಗಸ ಇಡುವ ಕೆಲಸ ಬೇಡ, ಬೆಲೆ ಬೀಳುತ್ತದೆ. ಬೋಲ್ಟ್ ಬಿಚ್ಚಿ ಹಿಂದಕ್ಕೆ ತರಬಹುದಾದ ಕೆಲಸ ಮಾತ್ರ ಮಾಡಿಸಿ. ಬಿಚ್ಚಿದ ಹಳೇ ಪಟ್ಟಿ, ಪ್ಲೇಟು, ಪಟ್ಟಿಯ ಹಿಂತುದಿ ಹಿಡಿಯುವ ಶ್ಯಾಕಲ್‌ಗಳಿಗೆ ಎಡ ಬಲ ಅಂತ ಚೀಟಿ ಕಟ್ಟಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಗ್ಯಾರೇಜಿನ ಅಟ್ಟಕ್ಕೆ ಹಾಕಿ. ಗಾಡಿ ಮಾರುವ ದಿನ ಕೊಳ್ಳುವವನು ಅದನ್ನು ಕೇಳಿಯೇ ಕೇಳುತ್ತಾನೆ.